ಚೆಕ್‌ರೋಲ್‌ನಲ್ಲಿ ಹೆಂಡತಿಯ ಹೆಸರೇ ಇಲ್ಲದಿದ್ದರೆ ಅಂತರರಾಷ್ಟ್ರೀಯ ಕಾರ್ಮಿಕ ಕಾನೂನು ಆಕೆಯನ್ನು ತಲುಪುವುದು ಹೇಗೆ?

ಪ್ರಶ್ನೆ
ಲೆಕ್ಕದಪುಸ್ತಕ (ಸಿದ್ದಾಪುರ)

ಕೊಡಗಿನ ಸಿದ್ದಾಪುರದ ಬಳಿ ನಮ್ಮ ಮನೆಯವರಿಗೆ 22 ಎಕರೆ ಕಾಫಿ ತೋಟವಿದೆ. ಮದುವೆಯಾಗಿ ಬಂದಾಗಿನಿಂದ, ಅಂದರೆ ಆರು ವರ್ಷಗಳಿಂದ, ಚೆಕ್‌ರೋಲ್, ಅಂದರೆ ಆಳುಗಳ ಕೆಲಸ ಮತ್ತು ಕೂಲಿಯ ಲೆಕ್ಕದ ಪುಸ್ತಕ, ಬರೆಯುವುದು ನನ್ನ ಪಾಲಿನ ಕೆಲಸ. ಈ ಬಾರಿಯ ಕುಯ್ಲಿಗೆ ಮೇಸ್ತ್ರಿಯೊಬ್ಬರು ಅಸ್ಸಾಮಿನಿಂದ ಹತ್ತು ಜೋಡಿಗಳನ್ನು ಕರೆತಂದರು. ನವೆಂಬರ್ ಕೊನೆಯಲ್ಲಿ ಬಂದವರು ಅರೇಬಿಕಾ ಮುಗಿಸಿ ರೋಬಸ್ಟಾಕ್ಕೂ ನಿಂತರು. ಅವರಲ್ಲಿ ಒಬ್ಬ ಹೆಂಗಸು ಈಗ ಏಳು ತಿಂಗಳ ಬಸುರಿ. ಹದಿನೈದು ದಿನಗಳ ಹಿಂದೆ ಆಕೆಯ ಗಂಡ ಮೇಸ್ತ್ರಿಯೊಡನೆ ಜಗಳವಾಡಿ, ಇಬ್ಬರ ಬಾಕಿಯನ್ನೂ ಎಣಿಸಿಕೊಂಡು ಹೊರಟುಹೋದ. ಅಂದಿನಿಂದ ಅವನ ಫೋನ್ ಬಂದ್ ಆಗಿದೆ. ಆಕೆ ಐದು ವರ್ಷದ ಮಗನೊಂದಿಗೆ ನಮ್ಮ ಲೈನ್ ಮನೆಯಲ್ಲೇ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲೇ, ಉಳಿದಿದ್ದಾಳೆ.

ಕಳೆದ ವಾರ ಆಕೆ ಕಣದ ಬಳಿ ಬಂದು, ತನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ, ತಾನು ಕುಯ್ದದ್ದೆಷ್ಟು, ತನಗೆ ಸಲ್ಲಬೇಕಾದದ್ದೆಷ್ಟು ಎಂದು ಕೇಳಿದಳು. ಪುಸ್ತಕ ತೆರೆದರೆ ಆಕೆಯ ಹೆಸರು ಎಲ್ಲಿಯೂ ಇಲ್ಲ. ಗಂಡನ ಹೆಸರು, ಅದರ ಮುಂದೆ ‘ಜೋಡಿ’ ಎಂಬ ಒಂದು ಪದ, ಅದರ ಮುಂದೆ ಕಿಲೋ ಲೆಕ್ಕ. ಹಾಗೆ ಬರೆದವಳು ನಾನೇ. ನನಗಿಂತ ಮೊದಲು ಬರೆಯುತ್ತಿದ್ದವರು ಹಾಗೆಯೇ ಬರೆಯುತ್ತಿದ್ದರು, ನಾನೂ ಯೋಚಿಸದೆ ಮುಂದುವರಿಸಿದೆ. ಹಣ ಒಮ್ಮೆ ಪೂರ್ತಿ ಕೊಟ್ಟಾಗಿದೆ, ಎರಡನೆಯ ಸಲ ಯಾಕೆ ಕೊಡಬೇಕು ಎಂಬುದು ಮಾವನವರ ಮಾತು. ಅದನ್ನು ತಪ್ಪೆನ್ನಲು ನನಗೆ ಧೈರ್ಯವಿಲ್ಲ, ಸರಿಯೆನ್ನಲು ಮನಸ್ಸಿಲ್ಲ.

ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ ವಿಶ್ವಸಂಸ್ಥೆಯ ಒಡಂಬಡಿಕೆಯೊಂದಿದೆ ಎಂದೂ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ವಲಸಿಗರಿಗಾಗಿ ಮತ್ತು ಹೆಂಗಸರಿಗಾಗಿ ಹಲವು ಒಪ್ಪಂದಗಳನ್ನು ಮಾಡಿದೆ ಎಂದೂ ಓದಿದ್ದೇನೆ. ಅಸ್ಸಾಮಿನಿಂದ ಕೊಡಗಿಗೆ ಬಂದ ಈ ಹೆಂಗಸಿಗೆ ಅವುಗಳಲ್ಲಿ ಯಾವುದಾದರೂ ಅನ್ವಯಿಸುತ್ತದೆಯೇ? ಅನ್ವಯಿಸುವುದಾದರೆ, ಚೆಕ್‌ರೋಲ್ ಬರೆಯುವ ನನ್ನಂಥವಳು ಮಾಡಬೇಕಾದದ್ದೇನು?

ಉತ್ತರ 1
ಮಡಿಕೇರಿ_ವಕೀಲೆ

ತಾವು ಓದಿದ ವಲಸೆ ಒಡಂಬಡಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಸರು ಕೇಳಿ ಮೋಸಹೋಗುವುದು ಅಲ್ಲಿಯೇ. ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬದವರ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1990ರ ಡಿಸೆಂಬರ್ 18ರಂದು ಅಂಗೀಕರಿಸಿತು, ಅದು ಜಾರಿಗೆ ಬಂದದ್ದು 2003ರ ಜುಲೈ 1ರಂದು. ಅದರ ಪ್ರಕಾರ ವಲಸೆ ಕಾರ್ಮಿಕರೆಂದರೆ ತಾವು ಪ್ರಜೆಯಲ್ಲದ ದೇಶದಲ್ಲಿ ದುಡಿಯುವವರು. ಅಸ್ಸಾಮಿನಿಂದ ಮೂರು ದಿನ ರೈಲಿನಲ್ಲಿ ಕುಳಿತು ಬಂದರೂ ಆಕೆ ಗಡಿ ದಾಟಿಲ್ಲ. ಮೇಲಾಗಿ ಭಾರತ ಆ ಒಡಂಬಡಿಕೆಗೆ ಸೇರಿಯೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವಲಸೆ ಒಪ್ಪಂದಗಳಾದ 1949ರ 97ನೆಯದನ್ನೂ 1975ರ 143ನೆಯದನ್ನೂ ಭಾರತ ಸ್ಥಿರೀಕರಿಸಿಲ್ಲ, ಅಂದರೆ ಅವುಗಳಿಗೆ ಬದ್ಧವಾಗಲು ಒಪ್ಪಿಲ್ಲ. ಕಾಫಿ ತೋಟಗಳನ್ನು ಹೆಸರಿಸಿಯೇ ಬರೆದ 1958ರ 110ನೆಯ ಪ್ಲಾಂಟೇಶನ್ ಒಪ್ಪಂದದ ಗತಿಯೂ ಅಷ್ಟೇ.

ಆದ್ದರಿಂದ ‘ವಲಸೆ’ ಎಂಬ ಫಲಕವಿರುವ ಬಾಗಿಲುಗಳೆಲ್ಲ ಆಕೆಗೆ ಮುಚ್ಚಿವೆ. ಹಾಗೆಂದು ಅಂತರರಾಷ್ಟ್ರೀಯ ಕಾನೂನಿಗೂ ತಮ್ಮ ಕಣಕ್ಕೂ ಸಂಬಂಧವಿಲ್ಲ ಎಂದು ಕೈಬಿಡಬೇಕಾಗಿಲ್ಲ. ಸಮಾನ ವೇತನದ 100ನೆಯ ಒಪ್ಪಂದವನ್ನು ಭಾರತ 1958ರಲ್ಲಿಯೂ, ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ 111ನೆಯದನ್ನು 1960ರಲ್ಲಿಯೂ, ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ನಿವಾರಿಸುವ ಒಡಂಬಡಿಕೆಯನ್ನು, ಅಂದರೆ ‘ಸೀಡಾ’ವನ್ನು, 1993ರಲ್ಲಿಯೂ ಒಪ್ಪಿಕೊಂಡಿದೆ. ಸೀಡಾದ 11ನೆಯ ವಿಧಿ ದುಡಿಮೆ ಮತ್ತು ಹೆರಿಗೆಯ ಕುರಿತದ್ದು. 15ನೆಯ ವಿಧಿ, ಕರಾರು ಮಾಡಿಕೊಳ್ಳುವಲ್ಲಿ ಮತ್ತು ಆಸ್ತಿಯನ್ನು ನೋಡಿಕೊಳ್ಳುವಲ್ಲಿ ಹೆಣ್ಣಿಗೂ ಗಂಡಿಗೂ ಸಮಾನ ಹಕ್ಕು ಎನ್ನುತ್ತದೆ. ತಮ್ಮ ಪುಸ್ತಕದ ‘ಜೋಡಿ’ ಎಂಬ ಪದಕ್ಕೆ ನೇರವಾಗಿ ಎದುರು ನಿಲ್ಲುವುದು ನನ್ನ ಅಭಿಪ್ರಾಯದಲ್ಲಿ ಈ 15ನೆಯ ವಿಧಿಯೇ: ಇಬ್ಬರು ದುಡಿದಲ್ಲಿ ಕರಾರುಗಳು ಎರಡು, ಗಂಡ ಹೆಂಡಿರೆಂಬ ಕಾರಣಕ್ಕೆ ಅವು ಒಂದಾಗುವುದಿಲ್ಲ.

ಇವು ನಮ್ಮ ನ್ಯಾಯಾಲಯದೊಳಗೆ ಹೇಗೆ ಬಂದವು ಎಂಬುದು ತಿಳಿಯಬೇಕಾದ ಸಂಗತಿ. 1997ರ ವಿಶಾಖಾ ತೀರ್ಪಿನಲ್ಲಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ಇಲ್ಲಿ ಕಾನೂನೇ ಇಲ್ಲದಿದ್ದಾಗ, ಸುಪ್ರೀಂ ಕೋರ್ಟ್ ಸೀಡಾವನ್ನು ಆಧಾರವಾಗಿಟ್ಟುಕೊಂಡು ನಿಯಮಗಳನ್ನು ಕಟ್ಟಿತು. ತಮಗೆ ಹೆಚ್ಚು ಹತ್ತಿರವಾದದ್ದು 2000ದ ತೀರ್ಪು. ದೆಹಲಿ ಮಹಾನಗರ ಪಾಲಿಕೆಯಲ್ಲಿ ಮಸ್ಟರ್ ರೋಲ್ ಮೇಲೆ ದಿನಗೂಲಿಗೆ ದುಡಿಯುತ್ತಿದ್ದ ಹೆಂಗಸರು ಹೆರಿಗೆ ಸೌಲಭ್ಯ ಕೇಳಿದಾಗ, ಅವರು ಕಾಯಂ ನೌಕರರಲ್ಲವೆಂದು ಪಾಲಿಕೆ ವಾದಿಸಿತು. ಸೀಡಾದ 11ನೆಯ ವಿಧಿಯ ತತ್ವಗಳನ್ನು ಪಾಲಿಕೆಗೂ ಆ ಹೆಂಗಸರಿಗೂ ನಡುವಿನ ಸೇವಾ ಕರಾರಿನೊಳಗೇ ಓದಿಕೊಳ್ಳಬೇಕೆಂದು ನ್ಯಾಯಾಲಯ ಹೇಳಿತು. ಮಸ್ಟರ್ ರೋಲ್‌ಗೂ ಚೆಕ್‌ರೋಲ್‌ಗೂ ಏನು ವ್ಯತ್ಯಾಸ? ಅಲ್ಲಿ ಆ ಹೆಂಗಸರ ಹೆಸರುಗಳು ಪುಸ್ತಕದಲ್ಲಿದ್ದವು, ತಮ್ಮಲ್ಲಿ ಇಲ್ಲ. ವ್ಯತ್ಯಾಸ ಇಷ್ಟೇ, ಆದರೆ ಆಕೆಯ ಮಟ್ಟಿಗೆ ಇದೇ ದೊಡ್ಡದು.

ಉತ್ತರ 2
ಪೊನ್ನಂಪೇಟೆ_ಬೆಳೆಗಾರ

ವಕೀಲರ ವಿವರಣೆಯನ್ನು ಗೌರವದಿಂದಲೇ ಓದಿದೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕೇಂದ್ರವಾದ ಜಿನೀವಾದಲ್ಲಿ ಕುಳಿತು ಬರೆದವರಾರೂ ಜನವರಿಯಲ್ಲಿ ಆಳು ಸಿಗದೆ ರೋಬಸ್ಟಾ ಗಿಡದಲ್ಲಿಯೇ ಒಣಗುವುದನ್ನು ನೋಡಿದವರಲ್ಲ. ಮೇಸ್ತ್ರಿಗೆ ಮುಂಗಡ ಕೊಟ್ಟು, ಬಂದವರಿಗೆ ಅಕ್ಕಿ, ಸೌದೆ, ಕಂಬಳಿ ಕೊಟ್ಟು, ಅರ್ಧ ಕುಯ್ಲಿನಲ್ಲಿ ಪಕ್ಕದ ತೋಟದವರು ಕಿಲೋಗೆ ಒಂದು ರೂಪಾಯಿ ಹೆಚ್ಚು ಕೊಡುತ್ತಾರೆಂದು ರಾತ್ರೋರಾತ್ರಿ ಲೈನ್ ಖಾಲಿಯಾದದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಆ ಮುಂಗಡಕ್ಕೆ ಯಾವ ಒಡಂಬಡಿಕೆ ಬರುತ್ತದೆ? ಕುಯ್ಲು ಮುಗಿಯುವವರೆಗೆ ಅವರ ಆಧಾರ್ ಕಾರ್ಡ್ ಮೇಸ್ತ್ರಿಯ ಕೈಯಲ್ಲಿರಲಿ ಎಂದು ನಮ್ಮ ಕಡೆ ಕೆಲವರು ಮಾಡುವುದು ಇದಕ್ಕಾಗಿಯೇ.

ಈಗ ಹೆರಿಗೆ ಸೌಲಭ್ಯದ ಮಾತೂ ಬಂದಿತು. ಮೂರು ತಿಂಗಳು ಹಣ್ಣು ಕುಯ್ದವರಿಗೆ ಆರು ತಿಂಗಳ ಕೂಲಿಯನ್ನು 22 ಎಕರೆಯ ಬೆಳೆಗಾರರು ಕೊಡಬೇಕೆಂದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಗಂಡ ಹಣ ಹೊತ್ತು ಓಡಿದರೆ ಅದು ಅವರ ಮನೆಯ ವಿಷಯ, ತೋಟದ್ದಲ್ಲ. ಇದನ್ನು ಬರೆದರೆ ಕಠಿಣನೆನ್ನುತ್ತೀರಿ, ಬರೆಯದಿದ್ದರೆ ಚರ್ಚೆ ಒಂದೇ ಕಡೆ ವಾಲುತ್ತದೆ.

ಉತ್ತರ 3
ನಿವೃತ್ತ_ನಿರೀಕ್ಷಕ

ಕಾರ್ಮಿಕ ಇಲಾಖೆಯಲ್ಲಿ ನನ್ನ ಸೇವೆಯ ಬಹುಭಾಗ ತೋಟಗಳ ನಾಡಿನಲ್ಲಿಯೇ ಕಳೆಯಿತು. ಹೀಗಾಗಿ ಪುಸ್ತಕದಿಂದಲೇ ಮಾತನಾಡುತ್ತೇನೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ, 1976ರ ಸಮಾನ ವೇತನ ಕಾಯಿದೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಎಲ್ಲವೂ ಅವುಗಳೊಳಗೆ ಕರಗಿವೆ. ಕರಗುವಾಗ ಸಿಕ್ಕಿದ್ದೂ ಉಂಟು, ಕಳೆದದ್ದೂ ಉಂಟು. ಹಳೆಯ ವಲಸೆ ಕಾಯಿದೆ ಗುತ್ತಿಗೆದಾರರ ಮೂಲಕ ಬಂದವರಿಗೆ ಮಾತ್ರ ಅನ್ವಯಿಸುತ್ತಿತ್ತು, ಈಗ ತಾವಾಗಿಯೇ ಬಂದವರೂ ವಲಸೆ ಕಾರ್ಮಿಕರೇ. ಆದರೆ ಕಾನೂನು ಅನ್ವಯಿಸಲು ಅಂದು ಐವರು ವಲಸೆ ಕಾರ್ಮಿಕರಿದ್ದರೆ ಸಾಕಾಗಿದ್ದ ಸಂಖ್ಯೆ ಇಂದು ಹತ್ತಕ್ಕೆ ಏರಿದೆ, ಮತ್ತು ಗುತ್ತಿಗೆದಾರ ಕಾರ್ಮಿಕರ ಕೈಗೇ ಕೊಡಬೇಕಾಗಿದ್ದ ಪಾಸ್‌ಬುಕ್ ಮಾಯವಾಗಿದೆ. ಆ ಪಾಸ್‌ಬುಕ್ಕನ್ನು ನಾನು ಸೇವೆಯಲ್ಲಿದ್ದಾಗ ಹೆಚ್ಚು ಕಡೆ ಕಾಣಲಿಲ್ಲ ಎಂಬುದು ನಿಜ, ಆದರೆ ಕಾಣದಿದ್ದಾಗ ಕೇಳುವ ಅಧಿಕಾರವಾದರೂ ಇತ್ತು.

ಪ್ರಶ್ನೆ ಕೇಳಿದ ಮೇಡಂ ಅವರಿಗೆ ಮೂರು ಸಂಗತಿಗಳು ಮುಖ್ಯ. ತಮ್ಮ 22 ಎಕರೆ ಎಂದರೆ ಸುಮಾರು 9 ಹೆಕ್ಟೇರ್. 5 ಹೆಕ್ಟೇರ್ ಮೀರಿದ ಕಾಫಿ ತೋಟ ಕಾನೂನಿನ ಲೆಕ್ಕದಲ್ಲಿ ಪ್ಲಾಂಟೇಶನ್ ಆಗುತ್ತದೆ, ಸಣ್ಣ ಬೆಳೆಗಾರರೆಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ಎರಡನೆಯದು, ಹೆರಿಗೆ ಸೌಲಭ್ಯಕ್ಕೆ ಬೇಕಾದದ್ದು ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಅದೇ ಮಾಲೀಕರ ಬಳಿ 80 ದಿನಗಳ ದುಡಿಮೆ. ವಲಸೆ ಹೆಂಗಸರು ಎಡವುವುದು ಇಲ್ಲಿ. ಒಂದು ತೋಟದಲ್ಲಿ 40 ದಿನ, ಇನ್ನೊಂದರಲ್ಲಿ 35 ದಿನ ದುಡಿದವಳಿಗೆ ಎಲ್ಲಿಯೂ 80 ತುಂಬುವುದಿಲ್ಲ. ಈಕೆ ಒಂದೇ ಕಡೆ ನಿಂತಿದ್ದರಿಂದ ತುಂಬಿರಬೇಕು, ಆದರೆ ಹೆಸರಿಲ್ಲದ ಪುಸ್ತಕದಲ್ಲಿ 80 ದಿನ ಎಣಿಸುವುದು ಹೇಗೆ? ಕುಯ್ಲು ಮುಗಿಯಿತು, ಸಂಬಂಧವೂ ಮುಗಿಯಿತು ಎಂದು ಮಾಲೀಕರ ಕಡೆಯ ವಕೀಲರು ವಾದಿಸುವುದು ಖಚಿತ. ಆ ವಾದವನ್ನು ಎದುರಿಸಬೇಕಾದರೂ ಮೊದಲು ದಿನಗಳ ಲೆಕ್ಕ ಬೇಕು.

ಮೂರನೆಯದನ್ನು ತಮ್ಮ ಮಾವನವರಿಗೆ ಓದಿ ಹೇಳಬೇಕು. ವೇತನ ಸಂಹಿತೆಯ ಪ್ರಕಾರ, ಕೂಲಿ ಬಂದಿಲ್ಲವೆಂದು ಕಾರ್ಮಿಕರು ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಎಂದು ಸಾಬೀತುಪಡಿಸುವ ಭಾರ ಮಾಲೀಕರ ಮೇಲಿದೆ. ಅರ್ಜಿ ಹಾಕಲು ಮೂರು ವರ್ಷಗಳ ಅವಕಾಶವಿದೆ. ಕೂಲಿಯ ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ಗಂಡನ ಹೆಬ್ಬೆಟ್ಟು ಗಂಡನ ಕೂಲಿಗೆ ಸಾಕ್ಷಿಯಾದೀತು, ಹೆಂಡತಿಯ ಕೂಲಿಗೆ ಆಗದು.

ಉತ್ತರ 4
ಸೋಮವಾರಪೇಟೆ_ಮನೆ

ನಾನು ಕಾನೂನು ತಿಳಿದವಳಲ್ಲ. ಕೊಲ್ಲಿ ದೇಶವೊಂದರಲ್ಲಿ ನಾಲ್ಕು ವರ್ಷ ಮನೆಗೆಲಸ ಮಾಡಿ ಹಿಂದಿರುಗಿದವಳು. ಮೇಸ್ತ್ರಿಯ ಕೈಯಲ್ಲಿರುವ ಆಧಾರ್ ಕಾರ್ಡಿನ ಮಾತನ್ನು ಓದಿದಾಗ ಸುಮ್ಮನಿರಲಾಗಲಿಲ್ಲ. ನಾನು ಹೋದ ಮನೆಯವರು ಮೊದಲ ದಿನವೇ ನನ್ನ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ಸುರಕ್ಷತೆಗಾಗಿ ಎಂದರು. ಎರಡನೆಯ ವರ್ಷ ನನ್ನ ತಾಯಿ ತೀರಿಕೊಂಡಾಗ ಆ ಸುರಕ್ಷತೆ ಯಾರಿಗಾಗಿ ಎಂಬುದು ತಿಳಿಯಿತು.

ಹಿಂದಿರುಗಿದ ಮೇಲೆ, ಮನೆಗೆಲಸದವರ ಕುರಿತ 2011ರ 189ನೆಯ ಒಪ್ಪಂದ ತಮ್ಮ ಗುರುತಿನ ದಾಖಲೆಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಹಕ್ಕನ್ನು ಬರೆದಿಟ್ಟಿದೆ ಎಂದು ಯಾರೋ ಹೇಳಿದರು. ನಾನಿದ್ದ ದೇಶ ಅದನ್ನು ಒಪ್ಪಿಲ್ಲ, ನಮ್ಮ ದೇಶವೂ ಸ್ಥಿರೀಕರಿಸಿಲ್ಲ. ಇನ್ನೊಂದು ವಿಚಿತ್ರವನ್ನೂ ಹೇಳುತ್ತೇನೆ. ಹತ್ತನೆಯ ತರಗತಿ ಪಾಸಾಗದ ಹೆಂಗಸರು ಮೂವತ್ತು ವರ್ಷ ತುಂಬುವ ಮೊದಲು ಮನೆಗೆಲಸಕ್ಕೆ ಆ ದೇಶಗಳಿಗೆ ಹೋಗಬಾರದು ಎಂಬ ನಿಯಮ ನಮ್ಮಲ್ಲಿದೆ. ರಕ್ಷಣೆಗೆಂದು ಮಾಡಿದ್ದು. ನನ್ನ ಜೊತೆಗಿದ್ದ ಹುಡುಗಿಯೊಬ್ಬಳನ್ನು ಏಜೆಂಟ್ ಅದೇ ಕಾರಣಕ್ಕೆ ಪ್ರವಾಸಿ ವೀಸಾದಲ್ಲಿ ಕಳಿಸಿದ್ದ, ಹಾಗಾಗಿ ಯಾವ ಪುಸ್ತಕದಲ್ಲಿಯೂ ಅವಳ ಹೆಸರಿರಲಿಲ್ಲ. ತಡೆಯುವುದು ಬೇರೆ, ಕಾಯುವುದು ಬೇರೆ. ಅಸ್ಸಾಮಿನ ಆ ತಾಯಿಯ ಕಾರ್ಡು ಯಾರ ಬಳಿ ಇದೆ ಎಂದು ದಯವಿಟ್ಟು ವಿಚಾರಿಸಿ.

ಉತ್ತರ 5
ಮಡಿಕೇರಿ_ವಕೀಲೆ

ಪೊನ್ನಂಪೇಟೆಯವರ ಎರಡು ಮಾತುಗಳಿಗೆ ಎರಡು ಬಗೆಯ ಉತ್ತರ ಕೊಡಬೇಕಾಗಿದೆ, ಒಂದರಲ್ಲಿ ಅವರು ತಪ್ಪು, ಇನ್ನೊಂದರಲ್ಲಿ ಸರಿ.

ಮುಂಗಡದ ಕಾರಣಕ್ಕೆ ಕಾರ್ಡು ಹಿಡಿದಿಟ್ಟುಕೊಂಡು, ಸಾಲ ತೀರುವವರೆಗೆ ಬೇರೆಡೆಗೆ ಹೋಗದಂತೆ ಮಾಡಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ವ್ಯಾಪ್ತಿಗೆ ಬರುವ ವಿಷಯ. ತೋಟದ ಸಾಲದಲ್ಲಿ ಇಲ್ಲಿನ ಆದಿವಾಸಿಗಳಾದ ಯರವರ ತಲೆಮಾರುಗಳು ಕಟ್ಟಿಬಿದ್ದದ್ದನ್ನು ಬಲ್ಲ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. 1982ರಲ್ಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕ್ರೀಡಾಂಗಣಗಳ ಕೂಲಿಕಾರರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೇ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಸಿವು ಬಡತನಗಳ ಒತ್ತಾಯವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ಕಿಲೋ ಲೆಕ್ಕದಲ್ಲಿ ದುಡಿಸುವ ತೋಟಗಳು ಇದನ್ನು ನೆನಪಿಡಬೇಕು: ಹಣ್ಣು ವಿರಳವಾಗಿರುವ ಮೊದಲ ಕುಯ್ಲಿನಲ್ಲಿ ಅಥವಾ ಕೊನೆಯ ಹೆಕ್ಕುವಿಕೆಯಲ್ಲಿ, ದಿನವಿಡೀ ಬಗ್ಗಿ ದುಡಿದರೂ ಕಿಲೋ ಲೆಕ್ಕ ಕನಿಷ್ಠ ಕೂಲಿಯನ್ನು ಮುಟ್ಟದ ದಿನಗಳು ಇರುತ್ತವೆ. ಅಂಥ ದಿನಗಳಲ್ಲಿ ವ್ಯತ್ಯಾಸವನ್ನು ತುಂಬಿಕೊಡಬೇಕಾದವರು ಮಾಲೀಕರು.

ಇನ್ನು ಅವರು ಸರಿ ಇರುವ ಕಡೆ. ಒಂದು ಮಗುವಿರುವ ಈಕೆಗೆ ಕಾನೂನಿನಂತೆ ಸಲ್ಲುವುದು 26 ವಾರಗಳ ಸರಾಸರಿ ಕೂಲಿ. ತೋಟದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇಲ್ಲದಿದ್ದರೆ ಅಷ್ಟೂ ಮಾಲೀಕರ ಜೇಬಿನಿಂದಲೇ ಹೋಗಬೇಕು. ಬೆಳೆಗಾರರಿಗೆ ಬಹುಶಃ ಅಚ್ಚರಿಯಾದೀತು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅವರ ಪಕ್ಷದಲ್ಲಿದೆ. ಹೆರಿಗೆ ರಕ್ಷಣೆಯ 2000ದ 183ನೆಯ ಒಪ್ಪಂದ, ಈ ವೆಚ್ಚವನ್ನು ಸಾಮಾಜಿಕ ವಿಮೆಯಿಂದಲೋ ಸರ್ಕಾರದ ನಿಧಿಯಿಂದಲೋ ಭರಿಸಬೇಕು, ಸಾಮಾನ್ಯವಾಗಿ ಮಾಲೀಕರೊಬ್ಬರ ಮೇಲೆ ಹೊರಿಸಬಾರದು ಎನ್ನುತ್ತದೆ. 1919ರ ಮೊಟ್ಟಮೊದಲ ಹೆರಿಗೆ ಒಪ್ಪಂದವೂ ಇದೇ ದಾರಿ ತೋರಿಸಿತ್ತು. ಕಾರಣ ಸರಳ: ಒಬ್ಬ ಮಾಲೀಕನೇ ತೆರಬೇಕಾದಾಗ ಆತ ಬಸುರಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಇಲ್ಲವೇ 79ನೆಯ ದಿನ ಕಳಿಸಿಬಿಡುತ್ತಾನೆ, ಇಲ್ಲವೇ ಹೆಸರನ್ನೇ ಬರೆಯುವುದಿಲ್ಲ. ಭಾರತ 183ನೆಯದನ್ನು ಸ್ಥಿರೀಕರಿಸಿಲ್ಲ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ತೋಟದ ಮಾಲೀಕರು ಇಚ್ಛಿಸಿದರೆ ಇಎಸ್‌ಐಗೆ ಸೇರಬಹುದೆಂಬ ಅವಕಾಶವಿದೆ, ಆದರೆ ಮೂರು ತಿಂಗಳಿಗೆ ಬಂದು ಹೋಗುವವರಿಗೆ ಅದರಿಂದ ಎಷ್ಟು ದೊರೆತೀತು ಎಂಬ ಸಂಶಯ ನನಗಿದೆ. ಬೆಳೆಗಾರರ ಸಂಘಗಳು ಈ ಒಪ್ಪಂದವನ್ನು ಸ್ಥಿರೀಕರಿಸಿ ಎಂದು ಕೇಳಬೇಕಾದವರಲ್ಲಿ ಮೊದಲಿಗರು. ಇದುವರೆಗೆ ಹಾಗೆ ಕೇಳಿದವರನ್ನು ನಾನು ಕಂಡಿಲ್ಲ.

ಮತ್ತೊಂದು ವಿಷಯ. ನಮ್ಮ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಅರಣ್ಯನಾಶದ ಕುರಿತ ಐರೋಪ್ಯ ಒಕ್ಕೂಟದ 2023ರ ನಿಯಮವನ್ನು ಕೇವಲ ಮರಗಳ ವಿಷಯವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಬೆಳೆದ ದೇಶದ ಕಾನೂನುಗಳಿಗೆ ಅನುಸಾರವಾಗಿ ಬೆಳೆದಿರಬೇಕು ಎಂಬ ಷರತ್ತೂ ಅದರಲ್ಲಿದೆ, ಮತ್ತು ಆ ಕಾನೂನುಗಳ ಪಟ್ಟಿಯಲ್ಲಿ ಕಾರ್ಮಿಕರ ಹಕ್ಕುಗಳೂ ಸೇರಿವೆ. ಜಾರಿಯ ದಿನಾಂಕ ಮುಂದೆ ಹೋಗುತ್ತಲೇ ಇದೆ, ಷರತ್ತು ಮಾತ್ರ ಅಲ್ಲಿಯೇ ಇದೆ.

ಪ್ರಶ್ನೆ ಕೇಳಿದವರಿಗೆ ಕೊನೆಯದಾಗಿ: ಆಕೆ ಒಬ್ಬಂಟಿಯಾಗಿ ಜಿನೀವಾಕ್ಕೆ ದೂರು ಕೊಡಲಾರಳು, ಅಲ್ಲಿಗೆ ಹೋಗಬಹುದಾದದ್ದು ಕಾರ್ಮಿಕ ಸಂಘಗಳು. ಸೀಡಾ ಸಮಿತಿಗೆ ವ್ಯಕ್ತಿಗತ ದೂರು ಸಲ್ಲಿಸುವ ಪೂರಕ ಒಡಂಬಡಿಕೆಗೂ ಭಾರತ ಸೇರಿಲ್ಲ. ಆದರೆ ಹೆಣ್ಣೆಂಬ ಒಂದೇ ಕಾರಣಕ್ಕೆ, ಆದಾಯದ ಮಿತಿಯಿಲ್ಲದೆ, ಆಕೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು, 15100ಕ್ಕೆ ಕರೆ ಮಾಡಿಯೂ ಕೇಳಬಹುದು.

ಉತ್ತರ 6
ಲೆಕ್ಕದಪುಸ್ತಕ (ಸಿದ್ದಾಪುರ)

ಎಲ್ಲರಿಗೂ ಕೃತಜ್ಞಳು. ಉತ್ತರಿಸಲು ಹತ್ತು ದಿನ ತಡವಾದದ್ದಕ್ಕೆ ಕಾರಣ, ನಾವು ಲೆಕ್ಕ ಹುಡುಕುತ್ತಿದ್ದೆವು.

ನಮ್ಮಲ್ಲಿ ಸಂಜೆ ಕಣದ ಬಳಿ ತೂಕ ಹಾಕುವಾಗ ಪ್ರತಿ ಚೀಲಕ್ಕೂ ಒಂದು ಚೀಟಿ ಬರೆಯುತ್ತೇವೆ. ಗಂಡ ಹೆಂಡಿರು ಬೇರೆ ಬೇರೆ ಚೀಲ ತರುವುದರಿಂದ, ಗೊಂದಲವಾಗದಿರಲೆಂದು ಮಾವನವರು ಹೆಂಗಸರ ಚೀಲದ ಚೀಟಿಗೆ ಒಂದು ಸುತ್ತು ಹಾಕುತ್ತಿದ್ದರು. ರಾತ್ರಿ ಪುಸ್ತಕಕ್ಕೆ ಏರಿಸುವಾಗ ಎರಡನ್ನೂ ಕೂಡಿಸಿ ‘ಜೋಡಿ’ ಎಂದು ಬರೆಯುತ್ತಿದ್ದವಳು ನಾನು. ಚೀಟಿಗಳನ್ನು ಎಸೆದಿರಲಿಲ್ಲ, ಹಳೆಯ ಗೊಬ್ಬರದ ಚೀಲದಲ್ಲಿ ತುಂಬಿಟ್ಟಿದ್ದೆವು. ಸುತ್ತು ಹಾಕಿದ ಆಕೆಯ ಚೀಟಿಗಳನ್ನು ದಿನಾಂಕದಂತೆ ಜೋಡಿಸಿದಾಗ 84 ದಿನಗಳು ಸಿಕ್ಕವು. ಚೀಟಿಯೇ ಇಲ್ಲದ ದಿನಗಳಲ್ಲಿ ನಾಲ್ಕನ್ನು ಮಾವನವರೇ ಗುರುತಿಸಿದರು. ಅವು ತೋಟದೊಳಗೆ ಆನೆ ನಿಂತು ಯಾರೂ ಕೆಲಸಕ್ಕೆ ಇಳಿಯದ ದಿನಗಳು, ಅರಣ್ಯ ಇಲಾಖೆಯವರ ಎಚ್ಚರಿಕೆಯ ಸಂದೇಶ ಅವರ ಫೋನಿನಲ್ಲಿ ಇನ್ನೂ ಇತ್ತು.

ಇನ್ನೊಂದು ಸಂಗತಿ ಆಗ ಕಣ್ಣಿಗೆ ಬಿತ್ತು. 84ರಲ್ಲಿ 31 ದಿನ ಆಕೆಯ ತೂಕ ಗಂಡನದ್ದಕ್ಕಿಂತ ಹೆಚ್ಚಿತ್ತು.

ಕೂಲಿಯ ವಿಷಯದಲ್ಲಿ ಮಾವನವರು ಎರಡು ದಿನ ಮಾತಾಡಲಿಲ್ಲ. ಸಾಬೀತುಪಡಿಸುವ ಭಾರ ಮಾಲೀಕರದ್ದು ಎಂಬ ಸಾಲನ್ನು ನಾನು ಓದಿ ಹೇಳಿದ್ದು ನಿಜ, ಆದರೆ ಅವರ ಮನಸ್ಸನ್ನು ತಿರುಗಿಸಿದ್ದು ಆ ಸುತ್ತುಗಳು ತಾವೇ ಹಾಕಿದವು ಎಂಬುದು ಇರಬೇಕೆಂದು ನನ್ನ ಊಹೆ. ಗಂಡ ಒಯ್ದ ಬಾಕಿಯಲ್ಲಿ ಆಕೆಯ ಪಾಲನ್ನು ಲೆಕ್ಕ ಹಾಕಿ ಮೊನ್ನೆ ಕೊಟ್ಟೆವು. ಮೇಸ್ತ್ರಿಯ ಬಳಿ ಆಕೆಯ ಆಧಾರ್ ಕಾರ್ಡು ಇತ್ತು, ಇನ್ನೂ ಆರು ಹೆಂಗಸರದ್ದೂ ಇತ್ತು. ಕೇಳಿದ ತಕ್ಷಣ ಕೊಟ್ಟರು, ನಾವೇ ಇದುವರೆಗೆ ಕೇಳಿರಲಿಲ್ಲ. ಹೆರಿಗೆಯ 26 ವಾರಗಳ ವಿಷಯ ಇನ್ನೂ ಮನೆಯಲ್ಲಿ ಇತ್ಯರ್ಥವಾಗಿಲ್ಲ. ಕಂತಿನಲ್ಲಿ ಕೊಡಬಹುದೇ ಎಂದು ಕೇಳಲು ಮಾವನವರೇ ನಾಳೆ ಮಡಿಕೇರಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತಿದ್ದಾರೆ. ಆಕೆ ಹೆರಿಗೆಯವರೆಗೆ ಇಲ್ಲಿಯೇ ಇರುತ್ತೇನೆ ಎಂದಿದ್ದಾಳೆ. ಊರು ಬೇರೆಯಾದರೂ ಅಂಗನವಾಡಿಯಲ್ಲಿ ಹೆಸರು ಬರೆಸಿಕೊಂಡರು.

ಕಳೆ ಕೆಲಸ ಶುರುವಾದ ಮೇಲೆ ಕಿಲೋ ಲೆಕ್ಕ ಹೋಗಿ ದಿನಗೂಲಿ ಬರುತ್ತದೆ. ಆಗ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುವ ಗಂಡಸರಿಗೆ ಒಂದು ದರ, ಕಳೆ ಕೀಳುವ ಹೆಂಗಸರಿಗೆ ಇನ್ನೊಂದು. ಅದು ಸಮಾನ ವೇತನದ ಒಪ್ಪಂದಕ್ಕೆ ವಿರುದ್ಧವೇ?

ಉತ್ತರ 7
ನಿವೃತ್ತ_ನಿರೀಕ್ಷಕ

ನಮ್ಮ ಕಾನೂನು ‘ಅದೇ ಕೆಲಸ ಅಥವಾ ಅದನ್ನು ಹೋಲುವ ಕೆಲಸ’ ಎನ್ನುತ್ತದೆ, 100ನೆಯ ಒಪ್ಪಂದ ‘ಸಮಾನ ಮೌಲ್ಯದ ಕೆಲಸ’ ಎನ್ನುತ್ತದೆ. ಎರಡೂ ಒಂದಲ್ಲವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರ ಸಮಿತಿ ಭಾರತಕ್ಕೆ ಬಹಳ ಕಾಲದಿಂದ ಹೇಳುತ್ತಲೇ ಇದೆ, ಹೊಸ ಸಂಹಿತೆಯೂ ಹಳೆಯ ಮಾತನ್ನೇ ಉಳಿಸಿಕೊಂಡಿದೆ. ಮರಗಸಿಯಲ್ಲಿ ಏಣಿ ಹತ್ತುವ ಅಪಾಯವಿದೆ, ಅದಕ್ಕೆ ಹೆಚ್ಚು ಕೊಡುವುದನ್ನು ನಾನು ತಪ್ಪೆನ್ನಲಾರೆ. ಆದರೆ ಗಂಡಸರು ಅದೇ ಸಾಲಿನಲ್ಲಿ ಕಳೆ ಕೀಳುವ ದಿನವೂ ಅವರಿಗೆ ಗಂಡಸರ ದರವನ್ನೇ ಬರೆದರೆ, ಅದು ನಮ್ಮ ಕಾನೂನಿನಲ್ಲಿಯೇ ತಪ್ಪು. ಆ ದಿನಗಳನ್ನು ಚೆಕ್‌ರೋಲ್‌ನಲ್ಲಿ ಕೆಲಸದ ಹೆಸರಿನೊಂದಿಗೆ ಪ್ರತ್ಯೇಕವಾಗಿ ಬರೆದಿಡಿ. ಮತ್ತು ಬರುವ ಕುಯ್ಲಿಗೆ ಪುಸ್ತಕ ಗೆರೆ ಹಾಕುವಾಗ ಒಂದು ಜೋಡಿಗೆ ಎರಡು ಸಾಲು, ಎರಡು ಸಹಿ, ಎರಡು ಬ್ಯಾಂಕ್ ಖಾತೆ ಇರಲಿ. ಖಾತೆ ತೆರೆಯಲು ಅಸ್ಸಾಮಿನ ವಿಳಾಸದ ಆಧಾರ್ ಇದ್ದರೂ ತೊಂದರೆಯಿಲ್ಲ, ಬ್ಯಾಂಕಿನವರು ಆಗದೆಂದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಿ.